ಅತ್ತೆಯ ಹೆಸರಿನ ಕೆಂಪು ಗುಲಾಬಿ

ನನ್ನ ತಂಗಿಯ ಮಗಳು ಕಟ್ರೀಸ್ ನಮ್ಮ ಮೇಕನ್ ಊರಿನಲ್ಲಿ ಶಾಲೆಯ ಬಸ್ಸು ಓಡಿಸುತ್ತಾಳೆ. ಹಿಂದಿನ ಸೀಟಿಗೆ ಯಾವ ಹುಡುಗ ಚೂಯಿಂಗ್ ಗಮ್ ಅಂಟಿಸಿದ ಎಂಬುದು ಅವಳಿಗೆ ಕನ್ನಡಿ ನೋಡದೆಯೇ ತಿಳಿಯುತ್ತದೆ. ಅಂಥವಳಿಗೆ ತನ್ನ ಮನಸ್ಸು ಎಲ್ಲಿ ಅಂಟಿಕೊಂಡಿದೆ ಎಂಬುದು ಮಾತ್ರ ನಾಲ್ಕು ವರ್ಷ ತಿಳಿಯಲಿಲ್ಲ. ನನಗೆ ಚೆನ್ನಾಗಿಯೇ ತಿಳಿದಿತ್ತು. ಆದರೆ ಹೇಳಿದರೆ ಕೇಳುವ ಪೈಕಿಯಲ್ಲ ಅವಳು. ನಾನೇ ಸಾಕಿದ ಹುಡುಗಿ, ನನಗೆ ಗೊತ್ತಿಲ್ಲವೇ?

ನನ್ನ ತಂಗಿ ತೀರಿಕೊಂಡಾಗ ಕಟ್ರೀಸ್ ಇನ್ನೂ ಒಂದನೇ ಕ್ಲಾಸು. ಆವತ್ತಿನಿಂದ ಅವಳ ತಲೆ ಬಾಚಿದ್ದು, ಬೈದದ್ದು, ಮದುವೆ ಮಾಡಿಕೊಟ್ಟದ್ದು ಎಲ್ಲ ನಾನೇ. ಗಂಡ ಲಮಾಂಟ್ ನಮ್ಮ ಚರ್ಚಿನವನೇ, ಬರ್ನೀಸಳ ಕಿರಿಯ ಮಗ, ಗ್ಯಾರೇಜಿನಲ್ಲಿ ಕೆಲಸ. ಒಳ್ಳೆಯವನು. ಕುಡಿತವಿಲ್ಲ, ಹೆಂಗಸರ ಹುಚ್ಚಿಲ್ಲ. ಆದರೆ ಬಾಯಿಗೆ ಬೀಗ. ಸಂತೋಷವಾದರೆ ಒಂದು 'ಹೂಂ', ದುಃಖವಾದರೆ ಅದೂ ಇಲ್ಲ. ಮಗಳು ನಯೋಮಿ ಹುಟ್ಟಿದ ಮೇಲೆ ಎರಡನೆಯ ಕೂಸು ಹೊಟ್ಟೆಯಲ್ಲೇ ಹೋಯಿತು. ಕಟ್ರೀಸ್ ಆಸ್ಪತ್ರೆಯಿಂದ ಬಂದು ಗೋಡೆಗೆ ಮುಖ ಮಾಡಿ ಮಲಗಿದ್ದರೆ, ಈ ಮಹಾರಾಯ ಅಂಗಳದಲ್ಲಿ ಹಳೆಯ ಕಾರೊಂದರ ಕೆಳಗೆ ತೂರಿಕೊಂಡು ಸ್ಪ್ಯಾನರ್ ತಿರುಗಿಸುತ್ತಿದ್ದ. ಆ ಕೂಸಿನ ಬಗ್ಗೆ ಅವನ ಬಾಯಿಂದ ಒಂದು ಮಾತೂ ಬರಲಿಲ್ಲ. ಅವಳ ಪಕ್ಕ ಕೂತು ಜೊತೆಗೆ ಅತ್ತವಳು ಅತ್ತೆ ಬರ್ನೀಸ್.

"ನಾನು ಮದ್ವೆ ಆಗಿದ್ದು ಗಂಡಸನ್ನ, ದೊಡ್ಡಮ್ಮ. ಕಾರಿನ ಕೆಳಗಿಂದ ಚಾಚ್ಕೊಂಡಿರೋ ಎರಡು ಕಾಲನ್ನಲ್ಲ," ಎಂದಳು ಕಟ್ರೀಸ್. ಮುಂದಿನ ಬೇಸಿಗೆಯ ಹೊತ್ತಿಗೆ ವಿಚ್ಛೇದನವೂ ಆಗಿಹೋಯಿತು.

ಆಮೇಲೆ ಶುರುವಾಯಿತು ನೋಡಿ ನನ್ನ ಜಗಲಿಯ ನಾಟಕ. ನಯೋಮಿ ಶುಕ್ರವಾರ ಸಂಜೆ ಅಪ್ಪನ ಜೊತೆ ಹೋಗಬೇಕು, ಭಾನುವಾರ ಚರ್ಚಿನಲ್ಲಿ ಅಮ್ಮನ ಕೈಗೆ ಬರಬೇಕು. ಶುಕ್ರವಾರ ಮಗಳನ್ನು ಒಪ್ಪಿಸುವ ಜಾಗ ನನ್ನ ಜಗಲಿ. ಲಮಾಂಟ್ ಬಂದವನೇ ಕಟ್ರೀಸಳ ಕಾರಿನ ಮುಂದೆ ಕುಕ್ಕರುಗಾಲಲ್ಲಿ ಕೂರುತ್ತಿದ್ದ.

"ಎಡಗಡೆ ಟೈರಲ್ಲಿ ಗಾಳಿ ಕಮ್ಮಿ ಇದೆ."

"ನನ್ನ ಟೈರು, ನನ್ನ ಗಾಳಿ. ನಿಂಗೇನು?"

"ಹೂಂ," ಎಂದು ಗಾಳಿ ತುಂಬಿಸಿಯೇ ಏಳುತ್ತಿದ್ದ. ಇವಳೋ, ಫಾಯಿಲ್ ಹಾಳೆ ಮುಚ್ಚಿದ ತಟ್ಟೆಯೊಂದನ್ನು ಮಗಳ ಕೈಗೆ ಕೊಟ್ಟು, "ಮಿಕ್ಕಿದ್ದು. ಚೆಲ್ಲೋದ್ಯಾಕೆ ಅಂತ," ಎನ್ನುತ್ತಿದ್ದಳು. ಮಿಕ್ಕಿದ್ದಂತೆ! ಹುರಿದ ಕೋಳಿಯ ತೊಡೆಗಳೆರಡೂ ಆ ತಟ್ಟೆಯಲ್ಲೇ ಇರುತ್ತಿದ್ದವು. ಸಾಕಿದ ನನಗೆ ರೆಕ್ಕೆ.

ಇನ್ನು ಹೂವಿನ ವಿಷಯ. ಮೇ ತಿಂಗಳಲ್ಲಿ ಬರುವ ತಾಯಂದಿರ ಭಾನುವಾರ ಚರ್ಚಿನ ಬಾಗಿಲಲ್ಲಿ ಬಿಳಿ ಉಡುಪು, ಬಿಳಿ ಕೈಗವಸು ತೊಟ್ಟು ಗುಲಾಬಿಯ ಬುಟ್ಟಿ ಹಿಡಿದು ನಿಲ್ಲುವವಳು ನಾನು. ಬಂದವರಿಗೆ ಜಾಗ ತೋರಿಸಿ ಕೂರಿಸುವ ಕೆಲಸವೂ ನನ್ನದೇ. ತಾಯಿ ಬದುಕಿರುವವರು ಎದೆಗೆ ಕೆಂಪು ಸಿಕ್ಕಿಸಿಕೊಳ್ಳಬೇಕು, ಇಲ್ಲದವರು ಬಿಳಿ. ಯಾರ ಬಣ್ಣ ಯಾವುದೆಂದು ನನಗೆ ಬಾಯಿಪಾಠ. ಕಟ್ರೀಸ್ ಚಿಕ್ಕಂದಿನಿಂದ ಬಿಳಿ. ಮದುವೆಯಾದ ವರ್ಷ ಕೈ ಸೀದಾ ಕೆಂಪಿಗೆ ಹೋಯಿತು, "ಅತ್ತೆ ಇದಾರಲ್ಲ" ಅಂತ. ಸರಿ, ಒಪ್ಪಿದೆ. ವಿಚ್ಛೇದನದ ಮೇಲೂ ಕೆಂಪೇ!

"ಇನ್ನೂ ಯಾವ ಅತ್ತೆಯೇ ನಿಂಗೆ?" ಎಂದು ಕೇಳಿಯೇಬಿಟ್ಟೆ.

"ಜಡ್ಜು ಬಿಡ್ಸಿದ್ದು ಗಂಡನ್ನ, ದೊಡ್ಡಮ್ಮ. ಅತ್ತೆ ವಿಷ್ಯ ಅವರು ಎತ್ಲೇ ಇಲ್ಲ."

ನನಗೆ ಹೊಟ್ಟೆ ಉರಿಯಿತು, ಸುಳ್ಳು ಯಾಕೆ ಹೇಳಲಿ. ಎಣ್ಣೆ ಹಚ್ಚಿ ಜಡೆ ಹೆಣೆದವಳು ನಾನು, ಕೆಂಪು ಹೂವು ಬರ್ನೀಸಳಿಗೆ.

ಆ ಬರ್ನೀಸ್ ಈ ಫೆಬ್ರವರಿಯಲ್ಲಿ ಹೋಗಿಬಿಟ್ಟಳು. ಲಮಾಂಟ್ ಆಗಲೂ ಅಳಲಿಲ್ಲ. ಕುರ್ಚಿ ಹೊತ್ತ, ಬಂದವರಿಗೆ ನೀರು ಕೊಟ್ಟ, ಸ್ಮಶಾನಕ್ಕೆ ಹೊರಟ ಸಾಲಿನಲ್ಲಿ ಯಾರದೋ ಕಾರು ಕೆಟ್ಟು ನಿಂತರೆ ಕೋಟು ಬಿಚ್ಚಿಟ್ಟು ಅದನ್ನೂ ರಿಪೇರಿ ಮಾಡಿದ. ಏಪ್ರಿಲ್‌ನ ಒಂದು ಶುಕ್ರವಾರ ನನ್ನ ಜಗಲಿಯಲ್ಲಿ ನಿಂತು, ನಾನು ಕಂಡಂತೆ ಜೀವಮಾನದ ಅತಿ ದೊಡ್ಡ ಭಾಷಣ ಮಾಡಿದ: "ಹ್ಯೂಸ್ಟನ್‌ನಲ್ಲಿ ಅಣ್ಣನ ಗ್ಯಾರೇಜಿದೆ. ಬಾ ಅಂತಿದಾನೆ. ಶಾಲೆ ರಜಾ ಬಿಟ್ಮೇಲೆ ಹೊರಡ್ಬೇಕು. ನೀನು ಮನೆಗೆ ಬಾ ಅಂದ್ರೆ ಹೋಗಲ್ಲ, ಕಟ್ರೀಸ್."

"ಯೋಚ್ನೆ ಮಾಡಿ ಹೇಳ್ತೀನಿ," ಎಂದಳು ಇವಳು. ಅಡುಗೆಮನೆಗೆ ಬಂದವಳೇ ನನ್ನೆದುರು ಕುರ್ಚಿ ಎಳೆದು ಕೂತಳು.

"ಮಗೂಗೆ ಅಪ್ಪ ದೂರ ಆಗ್ತಾನಲ್ಲೇ," ಎಂದೆ.

"ಗೊತ್ತು. ನಂಗೂ ಅವನು ಬೇಕು, ಅದೂ ಗೊತ್ತು. ಆದ್ರೆ ಬರೋದು ಯಾರು ದೊಡ್ಡಮ್ಮ, ಅವನಾ, ಆ ಎರಡು ಕಾಲಾ? ಹೆತ್ತಮ್ಮ ಹೋದ್ರೂ ಬಾಯಿ ಬಿಡ್ಲಿಲ್ಲ. ನಾಳೆ ಇನ್ನೇನಾದ್ರೂ ಆದ್ರೆ ಮತ್ತೆ ಕಾರಿನಡಿ ಸೇರ್ಕೋತಾನೆ. ಆವಾಗ ಜೊತೆಗೆ ಅತ್ತೆನಾದ್ರೂ ಇದ್ರು. ಈಗ ಒಬ್ಳೇ ಕೂತು ಅಳೋ ಶಕ್ತಿ ನಂಗಿಲ್ಲ."

ನಾನು ಅವಳ ಮುಂದೆ ಕಾಫಿ ಇಟ್ಟೆ.

ತಾಯಂದಿರ ಭಾನುವಾರ ಬಂತು. ಕಟ್ರೀಸ್ ಬಾಗಿಲಿಗೆ ಬಂದಾಗ ರೂಢಿಯಂತೆ ಕೆಂಪು ಎತ್ತಿಕೊಟ್ಟೆ. ಅವಳು ಅದನ್ನು ಮೆಲ್ಲಗೆ ಬುಟ್ಟಿಗಿಟ್ಟು ಬಿಳಿಯದನ್ನು ತೆಗೆದುಕೊಂಡಳು. ಮೂರನೆಯ ಬೆಂಚಿಗೆ ಹೋಗಿ ಕೂತಳು.

ಲಮಾಂಟ್ ಮಗಳ ಕೈ ಹಿಡಿದು ತಡವಾಗಿ ಬಂದ. ಅಷ್ಟರಲ್ಲಿ ಹಾಡು ಶುರುವಾಗಿತ್ತು. ನಯೋಮಿ ತನ್ನ ಕೆಂಪು ಹೂವು ಕಿತ್ತುಕೊಂಡು ಅಮ್ಮನ ಕಡೆ ಓಡಿದಳು. ಇವನು ನಾನು ಕೈ ಎತ್ತುವ ಮೊದಲೇ ಬುಟ್ಟಿಗೆ ಕೈ ಹಾಕಿ, ಪ್ರತಿ ವರ್ಷದ ಹಾಗೆ, ಕೆಂಪು ಹೂವೊಂದನ್ನು ಕೋಟಿಗೆ ಸಿಕ್ಕಿಸಿಕೊಂಡ. ಅಯ್ಯೋ ದೇವರೇ! ಕೈಗವಸು ತೊಟ್ಟವರು ಚರ್ಚಿನೊಳಗೆ ಬಾಯಿ ಬಿಡುವಂತಿಲ್ಲ, ಏನಿದ್ದರೂ ಕೈಸನ್ನೆ. ಅವನ ಎದೆ ತೋರಿಸಿದೆ. ಬಿಳಿ ಹೂವು ಸಿಕ್ಕಿಸಿಕೊಂಡಿದ್ದ ಕಟ್ರೀಸಳ ಕಡೆ ಕೈ ಚಾಚಿ ತೋರಿಸಿದೆ, ನೋಡು, ಆ ಬಣ್ಣ ತಗೋ ಅಂತ. ನಾವು ಕೈ ಚಾಚಿ ತೋರಿಸಿದರೆ ನಮ್ಮ ಚರ್ಚಿನಲ್ಲಿ ಒಂದೇ ಅರ್ಥ: ಅಲ್ಲಿ ಹೋಗಿ ಕೂರು. ಹುಡುಗ ವಿಧೇಯನಾಗಿ ಹೋಗಿ ಅವಳ ಪಕ್ಕದಲ್ಲೇ ಕೂತ! ನಾಲ್ಕು ವರ್ಷದಲ್ಲಿ ಅವರಿಬ್ಬರು ಒಂದೇ ಬೆಂಚಿನಲ್ಲಿ ಕೂತವರಲ್ಲ. ಮುಂದಿನ ಸಾಲಿನ ಮುದುಕಿಯರ ಟೋಪಿಗಳೆಲ್ಲ ಒಟ್ಟಿಗೆ ಹಿಂದಕ್ಕೆ ತಿರುಗಿದವು.

"ತಾಯಿ ಬದುಕಿರುವ ಪುಣ್ಯವಂತರೆಲ್ಲ ಎದ್ದುನಿಲ್ಲಿ," ಎಂದರು ಪಾದ್ರಿಗಳು.

ಲಮಾಂಟ್ ಎದ್ದು ನಿಂತ. ಪ್ರತಿ ವರ್ಷ ಹೀಗೆ ಎದ್ದಾಗ ಆಚೆ ಸಾಲಿನಿಂದ ಬರ್ನೀಸ್ ತಿರುಗಿ ಕೈ ಬೀಸುತ್ತಿದ್ದಳು. ಅವನು ಅತ್ತ ನೋಡಿದ. ಅವಳ ಜಾಗ ಖಾಲಿಯಿತ್ತು. ಕೆಳಗೆ ನೋಡಿದ. ಅವನಮ್ಮನ ಹೆಸರಲ್ಲಿ ತಪ್ಪದೆ ಎದ್ದು ನಿಲ್ಲುತ್ತಿದ್ದ ಕಟ್ರೀಸ್ ಎದೆಗೆ ಬಿಳಿ ಹೂವಿಟ್ಟು ಕೂತೇ ಇದ್ದಳು. ಆಗ ಅರ್ಥವಾಯಿತು ಅವನಿಗೆ. ಮುಖ ಬಿಳಿಚಿಕೊಂಡಿತು, ಬಾಗಿಲ ಕಡೆ ನೋಡಿದ. ಹೊರಗೆ ಸಾಲಾಗಿ ನಿಂತಿದ್ದ ಕಾರುಗಳು ನನ್ನ ಕಣ್ಣ ಮುಂದೆ ಬಂದವು. ನಾನು ಬುಟ್ಟಿ ಸಮೇತ ಬಾಗಿಲಿಗೆ ಅಡ್ಡ ನಿಂತೆ. ಬಾ, ನೋಡ್ತೀನಿ ಇವತ್ತು!

ಅವನು ಬರಲಿಲ್ಲ. ಧೊಪ್ಪನೆ ಕೂತ.

"ಬೆಳಿಗ್ಗೆ ಅಮ್ಮಂಗೆ ಫೋನ್ ಮಾಡ್ದೆ ಕಣೆ," ಎಂದ. ಪಿಸುಮಾತು ಅವನಿಗೆ ಬರುವುದಿಲ್ಲ, ಚರ್ಚಿಗೆಲ್ಲ ಕೇಳಿಸಿತು. "ನಂಬರ್ ಒತ್ತಿ ಕಿವಿಗಿಟ್ಕೊಂಡ್ಮೇಲೆ ನೆನಪಾಯ್ತು. ಇಲ್ಲಿ ಬರೋಷ್ಟರಲ್ಲಿ ಮತ್ತೆ ಮರ್ತೆ. ನಮ್ಮ ಕೂಸು ಹೋದಾಗ್ಲೂ ಹೀಗೇ ಆಗಿತ್ತು. ಹೇಳೋಕೆ ಬರ್ಲಿಲ್ಲ ನಂಗೆ. ಕಾರಿನಡಿ ಅಳ್ತಿದ್ದೆ, ಯಾರಿಗೂ ಕಾಣ್ಬಾರ್ದು ಅಂತ."

ಹೇಳುತ್ತಲೇ ಅಷ್ಟು ಜನರ ನಡುವೆ ಮಗುವಿನ ಹಾಗೆ ಬಿಕ್ಕಿಬಿಕ್ಕಿ ಅತ್ತ. ಹಾಡುವವರು ಜಾಣರು, ಮೆಲ್ಲಗೆ ಗುನುಗುತ್ತಲೇ ಇದ್ದರು. ಕಟ್ರೀಸಳೂ ಅತ್ತಳು, ಈ ಸಲ ಅವನ ಹೆಗಲಿಗೆ ತಲೆಯಿಟ್ಟು. ಆಮೇಲೆ ಅವನ ಕೋಟಿನಿಂದ ಕೆಂಪು ಹೂವು ತೆಗೆದಳು, ತನ್ನ ಬಿಳಿಯದನ್ನು ಬಿಚ್ಚಿ ಅಲ್ಲಿಗೆ ಸಿಕ್ಕಿಸಿದಳು.

ಚರ್ಚು ಬಿಟ್ಟ ಮೇಲೆ ನೋಡುತ್ತೇನೆ, ಲಮಾಂಟ್ ಅಭ್ಯಾಸಬಲದಿಂದ ಅವಳ ಟೈರಿನ ಮುಂದೆ ಕೂತಿದ್ದಾನೆ.

"ಏಳು ಮೇಲೆ," ಎಂದಳು ಕಟ್ರೀಸ್. "ಗಾಳಿ ಮನೇಲಿ ನೋಡಿದ್ರಾಯ್ತು."

"ಯಾರ ಮನೇಲಿ?"

"ನಮ್ಮನೇಲಿ. ನಿಮ್ಮಣ್ಣಂಗೆ ಫೋನ್ ಮಾಡಿ ಬರಲ್ಲ ಅಂತ ಹೇಳು. ಪೂರ್ತಿ ವಾಕ್ಯದಲ್ಲಿ ಹೇಳು, ಹೂಂ ಅನ್ಬೇಡ."

ನಯೋಮಿ ಕಿರುಚಿಕೊಂಡು ಅಪ್ಪನ ಕುತ್ತಿಗೆಗೆ ಜೋತುಬಿದ್ದಳು. ಆಗ ಕಟ್ರೀಸಳ ಎದೆ ಕಂಡಿತು ನನಗೆ. ಅವನಿಂದ ತೆಗೆದ ಕೆಂಪು ಹೂವು ಅವಳ ಎದೆಯ ಮೇಲಿತ್ತು. ಬಾಗಿಲ ನಿಯಮ ನನ್ನದು, ಬಿಡುತ್ತೇನೆಯೇ?

"ಬರ್ನೀಸ್ ಇಲ್ವಲ್ಲೇ. ಇದ್ಯಾರ ಹೆಸರಿಂದು?"

"ಇದಾಳಲ್ಲ ನಂಗೂ ಒಬ್ಳು, ಗುಂಡುಕಲ್ಲಿನ ಹಾಗೆ. ಬಾಯಿ ಒಂಚೂರು ಜಾಸ್ತಿ," ಎಂದು ನನ್ನ ಕೆನ್ನೆ ಹಿಂಡಿದಳು.

ಬಿಳಿ ಕೈಗವಸು ಕಣ್ಣೊರೆಸಲು ಚೆನ್ನಾಗಿಯೇ ಆಗುತ್ತದೆ. ಆ ಮಧ್ಯಾಹ್ನ ಊಟಕ್ಕೆ ಕೂತಾಗ ಕೋಳಿಯ ತೊಡೆ ಒಂದು ಲಮಾಂಟನ ತಟ್ಟೆಗೆ ಹೋಯಿತು, ಇನ್ನೊಂದು ನನಗೆ ಬಂತು.