ಟಾಕಿಯ ಮೇಲಿನ ಬಿಸಿಲು

ಚಳಿ ಬಿತ್ತೆಂದು ಮೊನ್ನೆ ಟ್ರಂಕಿನಿಂದ ಹಳೆಯ ಸ್ವೆಟರ್ ತೆಗೆದೆ. ಜೇಬಿಗೆ ಕೈ ಹಾಕಿದರೆ ಸಣ್ಣದೊಂದು ಪ್ಲಾಸ್ಟಿಕ್ ಟೊಪ್ಪಿಗೆ ಸಿಕ್ಕಿತು. ಕಿತ್ತಳೆ ಬಣ್ಣದ್ದು. ಇನ್ಸುಲಿನ್ ಸೂಜಿಯ ಮೇಲೆ ಇರುತ್ತದಲ್ಲ, ಅದು. ಹೋದ ಚಳಿಗಾಲದಲ್ಲಿ ಒಂದು ಸಂಜೆ ಅದನ್ನು ಜೇಬಿಗೆ ಹಾಕಿಕೊಂಡಿದ್ದೆ. ಅವತ್ತಿನಿಂದ ಈ ಸ್ವೆಟರ್ ಹಾಕಿಕೊಂಡಿರಲಿಲ್ಲ...

ಅದು ಪಕ್ಕದ ಮನೆಯ ಆಯಿಯ ಸೂಜಿ. ದಿಗ್ಗೇವಾಡಿಯಲ್ಲಿ ನಮ್ಮ ಮನೆಗೂ ಅವರ ಮನೆಗೂ ನಡುವೆ ಒಂದೇ ಗೋಡೆ. ಅವರು ಜೈನರು, ಕಬ್ಬಿನ ಹೊಲ ಇದ್ದವರು. ನಾವು ಎಮ್ಮೆ ಕಟ್ಟಿಕೊಂಡವರು. ಸ್ವಂತ ಅಜ್ಜಿಯನ್ನು ನಾನು ನೋಡಿಲ್ಲ. ಆಯಿ ಅಂತ ಕರೆದದ್ದು ಆಕೆಯನ್ನೇ.

ಆಯಿಗೆ ಸಕ್ಕರೆ ಕಾಯಿಲೆ. ಗುಳಿಗೆ ಸಾಲದೆ ಡಾಕ್ಟರು ದಿನಕ್ಕೆ ಎರಡು ಸೂಜಿ ಬರೆದರು. ಮುಂಜಾನೆ ಒಂದು, ಸಂಜೆ ಒಂದು, ಎರಡೂ ಊಟಕ್ಕೆ ಮೊದಲು. ಆಕೆಯ ಮಗ, ನಾನು ಕಾಕಾ ಅನ್ನುವವನು, ಸೂಜಿ ಕಂಡರೆ ಹೊರಗೆ ಹೋಗಿಬಿಡುತ್ತಿದ್ದ. ಸೊಸೆ, ಅಂದರೆ ಕಾಕು, ಕಣ್ಣು ಮುಚ್ಚಿಕೊಳ್ಳುತ್ತಿದ್ದಳು. ನಾನು ಏಳನೆಯ ಇಯತ್ತೆಗೆ ಶಾಲೆ ಬಿಟ್ಟವನು. ಆದರೆ ನಮ್ಮ ಎಮ್ಮೆಗಳಿಗೆ ಸೂಜಿ ಹಾಕಿ ಗೊತ್ತಿತ್ತು. ನನ್ನನ್ನು ಕರೆದರು.

ಮೊದಲ ದಿನ ಆಯಿ ನನ್ನ ಕೈಯನ್ನು ಹೊರಳಿಸಿ ನೋಡಿದಳು. "ಎಮ್ಮಿಗೆ ಚುಚ್ಚೂ ಕೈಲೆ ನನಗ ಚುಚ್ಚತಿ ಏನ್ಲೇ?"

"ಎಮ್ಮಿ ಒದೀತೈತಿ, ನೀ ಬೈತಿ. ಅಷ್ಟ ಫರಕ್ ಬೇ ಆಯಿ."

ಹಲ್ಲಿಲ್ಲದ ಬಾಯಿ ತೆರೆದು ನಕ್ಕಳು. ಹೊಟ್ಟೆಯ ಮೇಲಿನ ಸೀರೆ ಸರಿಸಿದಳು. ಅವತ್ತಿನಿಂದ ಎರಡು ವರ್ಷ, ಒಂದು ದಿನ ತಪ್ಪದೆ ನಾನೇ ಹಾಕಿದೆ.

ಆಕೆಗೊಂದು ನೇಮ ಇತ್ತು. ಹೊತ್ತು ಮುಳುಗಿದ ಮೇಲೆ ಅನ್ನ ಇರಲಿ, ನೀರೂ ಮುಟ್ಟುತ್ತಿರಲಿಲ್ಲ. ಲಗ್ನವಾಗಿ ಈ ಮನೆಗೆ ಬಂದಾಗಿನಿಂದ ಹಾಗೇ. ಗಡಿಯಾರ ನೋಡುತ್ತಿರಲಿಲ್ಲ. ಅಂಗಳದಿಂದ ಊರಿನ ನೀರಿನ ಟಾಕಿ ಕಾಣುತ್ತದೆ. ಟಾಕಿಯ ನೆತ್ತಿಯ ಮೇಲೆ ಬಿಸಿಲು ಇರುವ ತನಕ ಉಣ್ಣುವುದು. ಅದು ಹೋಯಿತೋ, ತಾಟು ಸರಿಸಿಬಿಡುವುದು. ಬೇಸಿಗೆಯಲ್ಲಿ ತೊಂದರೆ ಇರಲಿಲ್ಲ. ಚಳಿಗಾಲದಲ್ಲಿ ಹೊತ್ತು ಲಗೂನ ಹೋಗುತ್ತದೆ. ಐದೂವರೆಗೆ ನಾನು ಅಲ್ಲಿರಲೇಬೇಕಿತ್ತು.

ಈ ಮಾತನ್ನು ಡಾಕ್ಟರಿಗೆ ಹೇಳಬೇಕು ಅಂತ ಒಮ್ಮೆ ಅಂದುಕೊಂಡಿದ್ದೆ. ಆಯಿಯನ್ನು ಬೈಕ್ ಮೇಲೆ ಕೂರಿಸಿಕೊಂಡು ಹೋಗಿದ್ದೆ. ಹೊರಗೆ ಮುದುಕರ ಪಾಳಿ. ಡಾಕ್ಟರು ರಿಪೋರ್ಟ್ ನೋಡಿದರು, ಚೀಟಿ ಬರೆದರು, ಗಂಟೆ ಒತ್ತಿದರು. ಮುಂದಿನವರು ಒಳಗೆ ಬಂದೇಬಿಟ್ಟರು. ನಾನು ಬಾಯಿ ತೆರೆದಿದ್ದವನು ಮುಚ್ಚಿದೆ. ಮುಂದಿನ ಸಲ ಕೇಳಿದರಾಯಿತು ಅಂತ ಬಂದೆ.

ಹೊಳೆಯ ದಾರಿಯಲ್ಲಿ ಬರುವಾಗ ಬೆನ್ನ ಹಿಂದಿನಿಂದ ಆಯಿ ಕೇಳಿದಳು. "ಏನಂದ್ರಲೇ ಡಾಕ್ಟರ್?"

"ನೂರ ವರ್ಷ ಇರ್ತಿ ಅಂದ್ರ."

"ನೂರ ಯಾಕ ಬೇಕೋ? ಹೋಗೂಮುಂದ ಎಚ್ಚರಿದ್ರ ಸಾಕ್. ನಮ್ಮತ್ತಿ ಹಂಗ ಹೋದ್ಲು. ಎಲ್ಲಾರ್ನೂ ಹೆಸರ ಹಿಡದ ಕರದು, ತಪ್ಪಾಗಿದ್ರ ಹೊಟ್ಟ್ಯಾಗ ಹಾಕೋರ್ರಿ ಅಂದು, ಕೈ ಮುಗದು ಹೋದ್ಲು. ನನಗೂ ಅಷ್ಟ ಸಿಗಬೇಕ್."

ಅಷ್ಟೇ ಆಕೆ ಕೇಳಿದ್ದು. ಬೇರೆ ಏನನ್ನೂ ಕೇಳಿದ್ದು ನನಗೆ ನೆನಪಿಲ್ಲ.

ಹೋದ ಚಳಿಗಾಲದ ಆ ದಿನ ಎಮ್ಮೆಗಳಿಗೆ ಕಬ್ಬಿನ ಸೋಗೆ ತರಲು ಹೋಗಿದ್ದೆ. ಬರುವಾಗ ಕಾಲುವೆ ತಿರುವಿನಲ್ಲಿ ಕಬ್ಬಿನ ಟ್ರ್ಯಾಕ್ಟರ್ ಹೂತು ನಿಂತಿತ್ತು. ಹಿಂದೆ ಎರಡು ಟ್ರೇಲರ್, ದಾರಿಗೆ ಅಡ್ಡ. ಬೈಕ್ ಕೂಡ ದಾಟಿಸಲು ಬರುತ್ತಿರಲಿಲ್ಲ. ಸೋಗೆ ಅಲ್ಲೇ ಒಗೆದು, ಬೈಕ್ ನಿಲ್ಲಿಸಿ, ಗದ್ದೆಯ ಬದುವಿನ ಮೇಲೆ ಓಡಿ ಬಂದೆ. ಆಯಿ ಅಂಗಳದಲ್ಲಿ ಕೂತಿದ್ದಳು. ಕಾಕು ತಾಟು ಹಚ್ಚಿ ಮುಂದಿಟ್ಟಿದ್ದಳು. ರೊಟ್ಟಿ, ಬೇಳೆ.

ನಾನು ತಲೆ ಎತ್ತಲಿಲ್ಲ. ಅದೇ ನನ್ನ ತಪ್ಪು. ಟಾಕಿಯ ಕಡೆ ಒಮ್ಮೆ ನೋಡಿದ್ದರೆ ಸಾಕಿತ್ತು. ಔಷಧ ಎಳೆದೆ, ಚುಚ್ಚಿದೆ, ಟೊಪ್ಪಿಗೆ ಜೇಬಿಗೆ ಹಾಕಿಕೊಂಡೆ. ಆಯಿ ಕೈ ತೊಳೆದು ರೊಟ್ಟಿ ಮುರಿದಳು. ತುತ್ತು ಬಾಯಿಯ ತನಕ ಹೋಯಿತು. ಆಗ ಟಾಕಿ ನೋಡಿದಳು. ತುತ್ತನ್ನು ತಾಟಿಗೆ ಇಟ್ಟಳು.

"ಹೋತಲೇ."

"ಆಯಿ, ಸೂಜಿ ಒಳಗ ಹೋಗೇತಿ. ಈಗ ಉಣ್ಣಾಕಬೇಕ್."

"ಸೂಜಿ ಡಾಕ್ಟರಂದು. ನೇಮ ನಂದು."

"ಹಾಲರೆ ಕುಡಿ. ಒಂದ ಗುಟುಕ."

"ನೀರ ಸುದ್ದಾ ಇಲ್ಲ. ನಾಳಿ ಹೊತ್ತ ಹೊಂಡೂದ್ರಾಗ ಏನಾಗ್ತೈತಿ? ಉಪವಾಸ ಎಷ್ಟ ಮಾಡಿಲ್ಲ ನಾ?"

ಉಪವಾಸ ಬೇರೆ, ಸೂಜಿ ಹಾಕಿದ ಮೇಲಿನ ಉಪವಾಸ ಬೇರೆ. ಹೊಟ್ಟೆಗೆ ಏನೂ ಬೀಳದಿದ್ದರೆ ಸೂಜಿ ಮೈಯ ಸಕ್ಕರೆಯನ್ನು ಇಳಿಸುತ್ತಲೇ ಹೋಗುತ್ತದೆ. ನನಗೆ ಅಷ್ಟು ಗೊತ್ತಿತ್ತು, ಬಿಡಿಸಿ ಹೇಳಲು ಬರಲಿಲ್ಲ. ಕಾಕು ಸೆರಗು ಹಿಡಿದು ನಿಂತಿದ್ದಳು. "ಅತ್ತಿ, ಇವತ್ತ ಒಂದಿನಾ..." ಅಂದಳು. ಆಯಿ ಆಕೆಯ ಕಡೆ ನೋಡಿದಳು. ಕಾಕು ಹಿಂದೆ ಸರಿದಳು.

ನನಗೆ ಸಿಟ್ಟು ಬಂತು. "ಸಾಯಿ ಹಂಗಾರ!" ಅಂದೆ. ಅಂದು ಎದ್ದು ಬಂದೆ.

ಹಿಂದಿನಿಂದ ನಗು ಕೇಳಿಸಿತು. "ಎಮ್ಮಿ ಕಾಯಾಂವಗ ಸಿಟ್ಟ ನೋಡ!"

ಆಕೆಯ ಬಾಯಿಂದ ನಾನು ಕೇಳಿದ ಕೊನೆಯ ಮಾತು ಅದು.

ಮುಂಜಾನೆ ಸೂಜಿಗೆ ಹೋದರೆ ಕಾಕು ಬಾಗಿಲಲ್ಲೇ ಇದ್ದಳು. "ಏಳವಲ್ಲರೋ..." ಅಂದಳು. ಹಾಸಿಗೆ ಬೆವರಿನಿಂದ ತೊಯ್ದಿತ್ತು. ಬಾಯಿಯ ಮೂಲೆಯಲ್ಲಿ ನೊರೆ. ಆಯಿ ಗೊರಗೊರ ಅನ್ನುತ್ತಿದ್ದಳು. ಕೈ ಹಿಡಿದರೆ ತಣ್ಣಗಿತ್ತು.

ಮಿರಜಿಗೆ ಒಯ್ದೆವು. ಡಾಕ್ಟರು ಬೆರಳು ಚುಚ್ಚಿ ನೋಡಿ, ಗ್ಲೂಕೋಸ್ ಏರಿಸಿ, ಮರಾಠಿಯಲ್ಲಿ ಕೇಳಿದರು, ಸಂಜೆ ಸೂಜಿ ಆದ ಮೇಲೆ ಉಂಡಿದ್ದರಾ ಅಂತ. ಕಾಕಾ ಆ ಸಂಜೆ ಹೊಲದಲ್ಲಿ ಕಬ್ಬು ಹೇರಿಸುತ್ತಿದ್ದ. ಅವನಿಗೆ ಗೊತ್ತಿರಲಿಲ್ಲ. "ಹೌದ್ರಿ, ದಿನಾ ಹೊತ್ತ ಮುಣಗೂದ್ರಾಗ ಉಣ್ತಾರ್ರಿ," ಅಂದ. ಕಾಕು ನೆಲ ನೋಡಿದಳು. ನಾನು ಗೋಡೆ ನೋಡಿದೆ.

ಹೇಳಿದ್ದರೂ ಏನೂ ಬದಲಾಗುತ್ತಿರಲಿಲ್ಲ. ರಾತ್ರಿಯೆಲ್ಲ ಮಿದುಳಿಗೆ ಸಕ್ಕರೆ ಸಿಕ್ಕಿಲ್ಲ, ಅದು ಆಗಲೇ ಮುಕ್ಕಾಲು ಸತ್ತಿದೆ ಅಂದರು. ಆದರೂ ಹೇಳಬೇಕಿತ್ತು. ಹೇಳಲಿಲ್ಲ.

ಹದಿನೈದು ದಿನಕ್ಕೆ ಮನೆಗೆ ಕಳಿಸಿದರು. ಕಣ್ಣು ತೆರೆದಿರುತ್ತಿತ್ತು, ಯಾರನ್ನೂ ನೋಡುತ್ತಿರಲಿಲ್ಲ. ಮೂಗಿನಲ್ಲಿ ನಳಿಗೆ. ಮೂರು ತಾಸಿಗೊಮ್ಮೆ ಅದರಲ್ಲಿ ಹಾಲು, ಗಂಜಿ ಹಾಕಬೇಕು ಅಂತ ಹೇಳಿದ್ದರು. ಹಗಲು ಕಾಕು ಹಾಕುತ್ತಿದ್ದಳು. ದೀಪ ಹಚ್ಚಿದ ಮೇಲಿನದ್ದು ಆಕೆಯ ಕೈಯಿಂದ ಆಗುತ್ತಿರಲಿಲ್ಲ. ಮೊದಲ ದಿನ ಬಟ್ಟಲು ಹಿಡಿದು ಬಂದು, ಕೆಳಗಿಟ್ಟು, ಗೋಡೆಗೆ ಮುಖ ಮಾಡಿ ಅತ್ತಳು. ಮತ್ತೆ ನನ್ನನ್ನು ಕರೆದರು.

ನಾನು ಹಾಕಿದೆ. ನಮ್ಮ ಎಮ್ಮೆಯದೇ ಹಾಲು. ಹೊತ್ತು ಮುಳುಗಿದ ಮೇಲೆ ಎಂದೂ ಹನಿ ನೀರು ನುಂಗದವಳ ಮೂಗಿನಲ್ಲಿ ದಿನಾ ರಾತ್ರಿ ನಾನು ಹಾಲು ಬಿಟ್ಟೆ. ಆಕೆಗೆ ಗೊತ್ತಾಗುವುದಿಲ್ಲ ಅನ್ನುತ್ತಿದ್ದರು ಎಲ್ಲರೂ. ಗೊತ್ತಾಗದೆ ಇರಲಿ ಅಂತ ನಾನೂ ಅಂದುಕೊಳ್ಳುತ್ತಿದ್ದೆ. ಆಕೆ ಕೇಳಿದ್ದು ಮಾತ್ರ ಎಚ್ಚರ...

ನಳಿಗೆ ಬದಲಿಸಲು ಬರುತ್ತಿದ್ದ ನರ್ಸಕ್ಕನಿಗೆ ಒಮ್ಮೆ ಎಲ್ಲ ಹೇಳಿದೆ. ಆಕೆ ಕೈ ತೊಳೆಯುತ್ತ ಅಂದಳು, "ಸಂಜಿ ಸೂಜಿ ಹೊಂದಂಗಿಲ್ಲ ಅಂದಿದ್ರ ಡಾಕ್ಟರ್ ಮುಂಜಾನಿ ಒಂದ ಸೂಜಿ ಮಾಡಿ ಕೊಡ್ತಿದ್ರಪಾ. ಕೇಳಬೇಕಿತ್ತಲ್ಲ."

ಕೇಳಬೇಕಿತ್ತು.

ಮೈಯಲ್ಲಿ ಹುಣ್ಣಾದವು. ಬೆನ್ನಿನ ಹುಣ್ಣಿನಲ್ಲಿ ಬೆರಳು ಹೋಗುವಷ್ಟು ಕುಣಿ ಬಿತ್ತು. ಮಳೆ ಶುರುವಾದ ಮೇಲೆ ಒಂದು ಮಧ್ಯಾಹ್ನ ಹೋದಳು. ಯಾರನ್ನೂ ಕರೆಯಲಿಲ್ಲ, ಕೈ ಮುಗಿಯಲಿಲ್ಲ. ನಾನು ಡೇರಿಯಲ್ಲಿದ್ದೆ. ಬಂದಾಗ ನಳಿಗೆ ತೆಗೆದಿದ್ದರು. ಮೂಗಿನ ಹೊಳ್ಳೆಯಲ್ಲಿ ಅದರ ಗುರುತು ಹಾಗೇ ಇತ್ತು.

ಕಾಕಾ ಈಗಲೂ ಡೇರಿಯಲ್ಲಿ ನಾಲ್ಕು ಜನರ ಮುಂದೆ ನನ್ನ ಹೆಗಲ ಮೇಲೆ ಕೈ ಇಡುತ್ತಾನೆ. "ನಮ್ಮವ್ವನ ಸೇವಾ ಮಾಡಿದಾಂವ ಇಂವಾ. ಹೊಟ್ಟ್ಯಾಗ ಹುಟ್ಟಿದ ನಾ ಮಾಡ್ಲಿಲ್ಲ," ಅನ್ನುತ್ತಾನೆ. ನಾನು ಹಾಲಿನ ಕ್ಯಾನಿನ ಮುಚ್ಚಳ ತಿರುವುತ್ತ ನಿಲ್ಲುತ್ತೇನೆ. ಕಾಕು ನನ್ನ ಜೊತೆ ಮಾತಾಡುವುದು ಕಮ್ಮಿಯಾಗಿದೆ. ಹಾಲು ಹಾಕಿಸಿಕೊಳ್ಳುವಾಗ ಆಕೆ ಪಾತ್ರೆ ನೋಡುತ್ತಾಳೆ, ನಾನು ಲೀಟರ್ ಮಾಪು ನೋಡುತ್ತೇನೆ. ಇಬ್ಬರಿಗೂ ಗೊತ್ತು. ಇಬ್ಬರೂ ಹೇಳುವುದಿಲ್ಲ.

ಟೊಪ್ಪಿಗೆ ಮೂಸಿ ನೋಡಿದೆ. ಸ್ಪಿರಿಟ್ ವಾಸನೆ ಇರಲಿಲ್ಲ. ಏನೂ ಇರಲಿಲ್ಲ. ಹೊರಗೆ ಬಂದು ಟಾಕಿ ನೋಡಿದೆ. ನೆತ್ತಿಯ ಮೇಲೆ ಇನ್ನೂ ಒಂದು ಗೇಣು ಬಿಸಿಲು ಇತ್ತು. ಒಂದು ತಾಟು ಊಟಕ್ಕೆ ಸಾಕಾಗುವಷ್ಟು. ಅದು ಹೋಗುವ ತನಕ ನಿಂತೆ. ಆಮೇಲೆ ಸ್ವೆಟರನ್ನು ಮತ್ತೆ ಟ್ರಂಕಿಗೆ ಹಾಕಿ, ಚಳಿಯಲ್ಲೇ ಹಾಲು ಹಿಂಡಲು ಹೋದೆ.