ಗೂಬೆ ಹೆಕ್ಕಿದ ಸೀರು

ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಜೆರಾಕ್ಸ್ ಅಂಗಡಿಯ ಷಟರ್ ಮೊಣಕಾಲೆತ್ತರಕ್ಕೆ ಮಾತ್ರ ಎದ್ದಿದೆ. ಬಗ್ಗಿ ಒಳಗೆ ಇಣುಕಿದರೆ, ಕಾಗದದ ರಟ್ಟಿನ ಪೆಟ್ಟಿಗೆಯ ಮೇಲೆ ಕಾಲು ಮಡಚಿ ಕೂತು, ಕಂಪ್ಯೂಟರಿಗೆ ಮೂಗು ತಾಗಿಸಿಕೊಂಡಂತೆ ಒಬ್ಬ ಹುಡುಗಿ. ಅಂಗಡಿ ಅವಳ ಸೋದರಮಾವನದು. ಗಿರಾಕಿ ಬರುವ ತನಕ ಕಂಪ್ಯೂಟರ್ ಅವಳದು, ಆಮೇಲೆ ಬಾಡಿಗೆ ಕರಾರು, ಬಯೋಡೇಟಾಗಳದು. ಗಣಿತದ ಪದವಿಯ ಕೊನೆಯ ವರ್ಷ ಓದುತ್ತಿರುವ ಈಕೆ ಬಾಯಿ ಬಿಟ್ಟರೆ ಬರೀ ಪ್ರಶ್ನೆ. ಅದಕ್ಕೇ ಮಾವ ಇಟ್ಟ ಹೆಸರು ‘ಪ್ರಶ್ನೆಪತ್ರಿಕೆ’.

ಅವಳಿಗಿರುವುದು ಒಂದೇ ಆಸೆ. ದೊಡ್ಡ ದೊಡ್ಡ ಲೆಕ್ಕ ಮಾಡಿಕೊಡುವ ತಂತ್ರಾಂಶವೊಂದಿದೆ. ಮಾರುವವರಿಲ್ಲ, ಕೊಳ್ಳುವವರಿಲ್ಲ, ಒಳಗಿನ ಬರಹವೆಲ್ಲ ಎಲ್ಲರಿಗೂ ತೆರೆದೇ ಇದೆ. ಎಲ್ಲೆಲ್ಲೋ ಇರುವ ಸ್ವಯಂಸೇವಕರು ಬಿಡುವಿನಲ್ಲಿ ಅದನ್ನು ತಿದ್ದುತ್ತ, ಬೆಳೆಸುತ್ತ ಬಂದಿದ್ದಾರೆ. ಕಾಲೇಜಿನ ಲ್ಯಾಬು ಇದ್ದೂ ಇಲ್ಲದಂತಿದ್ದಾಗ ಇವಳಿಗೆ ಲೆಕ್ಕ ಕಲಿಸಿದ್ದು ಅದೇ. ಉಂಡ ಮನೆಗೆ ಕೈಲಾದದ್ದು ಮಾಡಬೇಡವೇ? ಆ ಬಳಗ ಸೇರಬೇಕು, ತಾನೂ ಅವರಲ್ಲಿ ಒಬ್ಬಳಾಗಬೇಕು.

ಸೇರುವುದು ಹೇಗೆ ಎಂಬುದೇ ಗೊಂದಲ. “ಅರ್ಜಿ ಇಲ್ಲ, ಇಂಟರ್‌ವ್ಯೂ ಇಲ್ಲ. ಏನಾದ್ರೂ ಸರಿಮಾಡಿ ಕಳ್ಸು, ನೋಡ್ತೀವಿ ಅಂತಾರೆ. ಕಳ್ಸಿದ್ರೆ ಸೇರಿದ ಹಾಗಾ, ಒಪ್ಕೊಂಡ್ರೆ ಸೇರಿದ ಹಾಗಾ? ಯಾರೂ ಬಾಯಿ ಬಿಡಲ್ಲ” ಎಂದು ತಲೆ ಕೆರೆದುಕೊಳ್ಳುತ್ತಾಳೆ.

ಅಮ್ಮನದು ಇನ್ನೊಂದು ಕಾಟ. “ಸೇರಿದ್ಯೇನೇ?”

“ಗೊತ್ತಿಲ್ಲಮ್ಮ.”

“ಸೇರಿದೀಯೋ ಇಲ್ವೋ ನಿಂಗೇ ಗೊತ್ತಿಲ್ಲ ಅಂದ್ರೆ, ಅದೆಂಥ ಕೆಲಸನೇ ಮಾರಾಯ್ತಿ?”

ಇವಳು ಕೈ ಹಾಕಿದ್ದು ಸರಾಸರಿ ತೆಗೆಯುವ ಭಾಗಕ್ಕೆ. “ಭಾರೀ ದೊಡ್ಡ ಸಂಖ್ಯೆಗೆ ತೀರಾ ಚಿಕ್ಕದನ್ನ ಕೂಡಿದ್ರೆ ಕಂಪ್ಯೂಟರ್ ಕಣ್ಣಿಗೆ ಅದು ಬೀಳೋದೇ ಇಲ್ಲ. ಆನೆ ಹೊಟ್ಟೆಗೆ ಅರೆಕಾಸಿನ ಮಜ್ಜಿಗೆ! ಎಷ್ಟು ಸಲ ಹುಯ್ದರೂ ಅಷ್ಟೇ. ಅದೇ, ಮೊದಲು ಚಿಕ್ಕವನ್ನೆಲ್ಲ ಒಟ್ಟು ಮಾಡ್ಕೊಂಡು ಆಮೇಲೆ ದೊಡ್ಡದಕ್ಕೆ ಸೇರಿಸಿದ್ರೆ ಉಳ್ಕೊಳ್ತವೆ” ಎಂದು ವಿವರಿಸುವಾಗ ಮಾತ್ರ ಮುಖದಲ್ಲಿ ಗೊಂದಲವಿರುವುದಿಲ್ಲ. ತಂತ್ರಾಂಶದ ಒಂದು ಮೂಲೆಯಲ್ಲಿ ಈ ಎಚ್ಚರ ತಪ್ಪಿತ್ತು. ವಾರಗಟ್ಟಲೆ ಹೆಣಗಾಡಿ, ತಿದ್ದಿ ಕಳಿಸಿದಳು.

ಪರಿಶೀಲಿಸಿದವರು ಗಂಡೋ ಹೆಣ್ಣೋ ದೇವರೇ ಬಲ್ಲ. ಮುಖ ಇರಬೇಕಾದ ಜಾಗದಲ್ಲಿ ಗೂಬೆಯ ಚಿತ್ರ, ಹಾಗಾಗಿ ಮನೆಮಂದಿಗೆಲ್ಲ ಅವರು ‘ಗೂಬೆ’. ಗೂಬೆ ಸಾಲುಸಾಲಿಗೂ ಟಿಪ್ಪಣಿ ಬರೆದಿತ್ತು, ಎಲ್ಲದರ ಮುಂದೆಯೂ ಒಂದೇ ಪದ. ‘ನಿಟ್’, ಇಲ್ಲೊಂದು ಖಾಲಿ ಜಾಗ ಹೆಚ್ಚಾಗಿದೆ. ‘ನಿಟ್’, ಈ ಹೆಸರು ಉದ್ದವಾಯಿತು. ಏನಪ್ಪಾ ಇದು ಎಂದು ಅಂಗಡಿಯ ಹಳೇ ಇಂಗ್ಲಿಷ್ ನಿಘಂಟು ತೆಗೆದರೆ, ಅರ್ಥ ಇಷ್ಟೇ: ಹೇನಿನ ಮೊಟ್ಟೆ, ಸೀರು.

“ಲೋಕಕ್ಕೆಲ್ಲ ಕಾಣೋ ಹಾಗೆ, ನನ್ನ ಕೆಲಸದ ತುಂಬಾ ಹೇನಿನ ಮೊಟ್ಟೆ ಅಂತ ಬರೆದಿದಾರೆ ಮಾವ!” ಅವಮಾನದಿಂದ ಅವಳ ಕಣ್ಣಲ್ಲಿ ನೀರೇ ಬಂತು. ‘ಕ್ಷಮಿಸಿ, ತೊಂದರೆ ಕೊಟ್ಟೆ’ ಎಂದು ಒಂದು ಸಾಲು ಗೀಚಿ, ಕಳಿಸಿದ್ದನ್ನು ವಾಪಸು ತೆಗೆದುಕೊಂಡುಬಿಟ್ಟಳು. ಮಾವ ಸಮಾಧಾನ ಮಾಡುವುದು ಬಿಟ್ಟು, “ಜನ ಗೂಬೆ ಕೂರಿಸ್ತಾರೆ ಅಂತ ಕೇಳಿದ್ದೆ, ಗೂಬೆನೇ ಬಂದು ಕೂತಿದ್ದು ಇದೇ ಮೊದಲು ನೋಡು” ಎಂದ.

ಸಂಜೆ ಮನೆಯಲ್ಲಿ ಜಡೆ ಬಿಚ್ಚಿಸಿಕೊಳ್ಳುತ್ತ ಅಜ್ಜಿಯ ಮುಂದೆ ಗೋಳು. ಅಜ್ಜಿ ಬಾಚಣಿಗೆ ನಿಲ್ಲಿಸಲಿಲ್ಲ. “ಅಲ್ವೇ, ದಾರೀಲಿ ಹೋಗೋರ ತಲೇಲಿ ಯಾರಾದ್ರೂ ಸೀರು ಹೆಕ್ತಾರೇನೇ? ಸೀರಿರೋ ತಲೆ ಕಂಡ್ರೆ ಜನ ಮಾರುದೂರ ಸರೀತಾರೆ. ತೊಡೆ ಮೇಲೆ ತಲೆ ಇಟ್ಕೊಂಡು ಹೆಕ್ಕೋದು ನಮ್ಮೋರದ್ದು ಮಾತ್ರ.”

ಗೊಂದಲ ಕಳೆಯುವ ಬದಲು ಹೆಚ್ಚಾಯಿತು. ಗೂಬೆ ಬೈದದ್ದೋ, ಮುದ್ದು ಮಾಡಿದ್ದೋ? ಮರುದಿನ ಷಟರ್ ಅಡಿ ನುಸುಳಿ ನೋಡಿದರೆ ಉತ್ತರ ಬಂದು ಕೂತಿತ್ತು. ‘ಯಾಕೆ ವಾಪಸು ತೆಗೆದುಕೊಂಡೆ? ಲೆಕ್ಕ ಚೆನ್ನಾಗಿದೆ. ನಿಟ್ ಅಂದರೆ ಸಣ್ಣಪುಟ್ಟ ಕೊರತೆ, ಅಷ್ಟೇ. ಬೇಕಿದ್ದರೆ ತಿದ್ದು, ಇಲ್ಲದಿದ್ದರೆ ಹಾಗೇ ಇರಲಿ.’

ಹಾಗೇ ಬಿಡುವ ಜಾತಿಯೇ ಇವಳು? ಒಂದೊಂದನ್ನೂ ಹೆಕ್ಕಿ ತೆಗೆದು ಮತ್ತೆ ಕಳಿಸಿದಳು. ಕೆಲವು ದಿನ ಕಳೆದ ಮೇಲೆ ಪರದೆಯ ಮೇಲಿನ ಹಸಿರು ಗುರುತು ನೇರಳೆಯಾಯಿತು. ಒಪ್ಪಿಕೊಂಡಿದ್ದಾರೆ ಎಂದು ಅದರರ್ಥ. ಚಪ್ಪಾಳೆಯಿಲ್ಲ, ಪ್ರಮಾಣಪತ್ರವಿಲ್ಲ, ‘ಬಾಮ್ಮ, ಒಳಗೆ ಬಾ’ ಎಂದವರೂ ಇಲ್ಲ. ಅಂದು ರಾತ್ರಿ ಊಟಕ್ಕೆ ಕೂತಾಗ ಅಮ್ಮ ಮತ್ತೆ ಕೇಳಿದಳು, “ಈಗಲಾದ್ರೂ ಸೇರಿದ್ಯಾ?”

“ಅಯ್ಯೋ, ಗೊತ್ತಿಲ್ಲಮ್ಮ!”

ಇವತ್ತು ಈ ಹೊತ್ತಿನಲ್ಲಿ ಅವಳು ನೋಡುತ್ತಿರುವುದು ತನ್ನದಲ್ಲ. ಯಾವ ಊರಿನವರೋ, ಹೊಸಬರೊಬ್ಬರು ಮೊದಲ ಸಲ ಏನೋ ತಿದ್ದಿ ಕಳಿಸಿದ್ದಾರೆ. ‘ಇದನ್ನು ನೀನೇ ನೋಡುತ್ತೀಯಾ?’ ಎಂದು ಗೂಬೆ ಕೇಳಿದೆ. ಎರಡನೇ ಸಾಲಿನಲ್ಲೇ ಖಾಲಿ ಜಾಗವೊಂದು ಹೆಚ್ಚಾಗಿದೆ. ‘ನಿಟ್’ ಎಂದು ಬೆರಳಚ್ಚಿಸಿ, ಕ್ಷಣ ತಡೆದು, ‘ಹೆದರಬೇಡಿ, ಸಣ್ಣ ವಿಷಯ’ ಎಂದೂ ಸೇರಿಸುತ್ತಾಳೆ.

ದಡಬಡ ಸದ್ದು ಮಾಡುತ್ತ ಷಟರ್ ಪೂರ್ತಿ ಮೇಲೇಳುತ್ತದೆ. ಬಾಗಿಲಲ್ಲಿ ಮಾವ, ಅವನ ಹಿಂದೆ ದಿನದ ಮೊದಲ ಗಿರಾಕಿ.

“ಏಳೇ ಪ್ರಶ್ನೆಪತ್ರಿಕೆ. ಬೆಳಗ್ಗೆ ಬೆಳಗ್ಗೆ ಯಾರ ತಲೇಲಿ ಸೀರು ಹೆಕ್ತಾ ಕೂತಿದೀಯ?”

“ನಮ್ಮೋರದ್ದೇ, ಮಾವ” ಎನ್ನುತ್ತಾಳೆ, ಪರದೆಯಿಂದ ಕಣ್ಣು ಕೀಳದೆ.