ಗೂಡ್ಸ್ ಗಾಡಿ ಹೋಗುವವರೆಗೆ

ಎಂಜಲು ಹಚ್ಚಿ, ಅಂಗಿಯ ತುದಿಯಿಂದ ಒರೆಸಿದ ಸ್ಲೇಟು ಒಣಗಲು ಎಷ್ಟು ಹೊತ್ತು ಬೇಕೆಂದು ನಿಮಗೆ ನೆನಪಿದೆಯೆ? ಎರಡನೇ ತರಗತಿಯ ಮಗುವಿನ ಗಮನ ಪಾಠದ ಮೇಲೆ ನಿಲ್ಲುವುದೂ ಸುಮಾರಾಗಿ ಅಷ್ಟೇ ಹೊತ್ತು. ಇದನ್ನು ನಾನು ಯಾವ ಗ್ರಂಥದಿಂದಲೂ ಕಲಿಯಲಿಲ್ಲ. ಎಪ್ಪತ್ತರ ದಶಕದಲ್ಲಿ ಬೀರೂರಿನ ರೈಲುಹಳಿಯ ಪಕ್ಕದ ಶಾಲೆಯೊಂದಕ್ಕೆ ಹೊಸ ಮೇಷ್ಟ್ರಾಗಿ ಹೋದಾಗ ಮೂವತ್ತು ಮಂದಿ ಪುಟಾಣಿ ಗುರುಗಳು ಕಲಿಸಿಕೊಟ್ಟರು. "ಮಕ್ಕಳಿಗೆ ಪಾಠ ಹೇಳೋದು ಅಂದ್ರೆ ಕಪ್ಪೆ ತೂಗಿದಂಗೆ ಕಣೋ, ಒಂದನ್ನ ತಕ್ಕಡಿಗೆ ಹಾಕೋದ್ರೊಳಗೆ ಇನ್ನೊಂದು ನೆಗೆದಿರ್ತದೆ" ಎಂದು ನಮ್ಮಜ್ಜಿ ಮೊದಲೇ ಎಚ್ಚರಿಸಿದ್ದರು.

ನನ್ನ ನೌಕರಿ ಕಾಯಂ ಆಗಬೇಕಾದರೆ ಶಾಲಾ ಇನ್ಸ್‌ಪೆಕ್ಟರರು ತರಗತಿ ನೋಡಿ ಒಳ್ಳೆಯ ಮಾತು ಬರೆಯಬೇಕಿತ್ತು. ಅವರು ಬಂದ ದಿನ ಎರಡರ ಮಗ್ಗಿ ಇನ್ನೂ ಎರಡಾರ್ಲಿ ಹನ್ನೆರಡರಲ್ಲಿತ್ತು; ಅಷ್ಟರಲ್ಲಿ ಕಡೂರಿನ ಕಡೆಯಿಂದ ಗೂಡ್ಸ್ ಗಾಡಿ ಕೂಗಿತು. ಗಾಳಿಗೆ ರಾಗಿತೆನೆ ಬಾಗುವಂತೆ ಮೂವತ್ತು ತಲೆಗಳೂ ಕಿಟಕಿಗೆ ವಾಲಿದವು. ಮಗ್ಗಿಗೆ ಆಕಳಿಸುತ್ತಿದ್ದ ಬಾಯಿಗಳೆಲ್ಲ ಗಾಡಿಯ ಡಬ್ಬಿ ಎಣಿಸತೊಡಗಿದವು. ನನ್ನ ನೌಕರಿಯೇ ಡಬ್ಬಿ ಡಬ್ಬಿಯಾಗಿ ಕಣ್ಣೆದುರು ಹೊರಟುಹೋಗುತ್ತಿದೆ ಎನ್ನಿಸಿ ಬೆತ್ತಕ್ಕೆ ಕೈಹಾಕಿದೆ. ಇನ್ಸ್‌ಪೆಕ್ಟರರು ಕಿಟಕಿಯಿಂದ ಕಣ್ಣು ಕೀಳದೆ, "ಶ್! ಲೆಕ್ಕ ತಪ್ಪುತ್ತೆ" ಎಂದರು.

ಗಾಡಿ ಹೋಯಿತು. "ನಲವತ್ತೊಂದು" ಎಂದರು ಇನ್ಸ್‌ಪೆಕ್ಟರರು.

"ನಲವತ್ತು ಸಾರ್!" ಎಂದಿತು ತರಗತಿ.

"ಏಯ್, ನಾನೇ ಎಣಿಸಿದೀನಿ ಕಣ್ರೋ!"

ರೈಲ್ವೆ ನೌಕರರೊಬ್ಬರ ಮಗಳು ಮುಮ್ತಾಜ್ ಎದ್ದು ನಿಂತಳು. "ಕೊನೇದು ಗಾರ್ಡ್ ಡಬ್ಬಿ ಸಾರ್. ಅದ್ರಾಗೆ ಸಾಮಾನಿರಲ್ಲ, ಬರೀ ಗಾರ್ಡ್ ಇರ್ತಾರೆ. ಅದನ್ನ ಎಣಿಸ್ಬಾರ್ದು, ನಮ್ಮ ಅಬ್ಬಾ ಹೇಳವ್ರೆ."

ಸೋಲೊಪ್ಪಲು ಮನಸ್ಸಿಲ್ಲದೆ ಇನ್ಸ್‌ಪೆಕ್ಟರರು ನನ್ನತ್ತ ತಿರುಗಿದರು. "ನೀವು ಹೇಳಿ ಮೇಷ್ಟ್ರೇ, ಎಷ್ಟು ಬಂತು?"

"ನಾನು... ತಮ್ಮ ಮುಖಾನೇ ನೋಡ್ತಾ ನಿಂತ್ಬಿಟ್ಟೆ ಸಾರ್."

"ಇದೇನ್ರೀ! ಇಷ್ಟು ಜನ ಎಣಿಸ್ತಿದ್ರೆ ನಿಮ್ಮ ಗ್ಯಾನ ಎಲ್ಲಿತ್ತು?"

ಹಿಂದಿನ ಸಾಲು ಕಿಸಕ್ಕನೆ ನಕ್ಕಿತು. ಮಗುವಿಗೆ ಗಮನವೇ ಇಲ್ಲವೆಂದು ಯಾರಾದರೂ ದೂರಿದರೆ, ಅಂದಿನಿಂದ ನನಗೆ ಹೌದೆನ್ನಲು ಬಾಯಿ ಬರುವುದಿಲ್ಲ. ಗಮನವೇನೋ ಬೇಕಾದಷ್ಟಿರುತ್ತದೆ ಮಹರಾಯರೆ, ನಾವು ಕರೆದ ಮನೆಗೆ ಊಟಕ್ಕೆ ಬಂದಿರುವುದಿಲ್ಲ, ಅಷ್ಟೆ.

ಇನ್ಸ್‌ಪೆಕ್ಟರರು ಹೊರಟ ಮೇಲೆ ಅವರು ಬರೆದಿಟ್ಟ ಭೇಟಿ ಪುಸ್ತಕ ತೆರೆದೆ. "ಮಕ್ಕಳ ಏಕಾಗ್ರತೆ ಉತ್ತಮ. ಶಿಕ್ಷಕರದು ಸಾಲದು. ಕಾಯಂ ಮಾಡಬಹುದು, ಈ ಮಕ್ಕಳ ಜೊತೆಗಿದ್ದರೆ ಸುಧಾರಿಸುತ್ತಾರೆ."